ಕೆಂಪಗೆ ಬೆಳಗಿದ ಕೈಗವಸು

"ಪರದೆ ಎಳೀರಿ ಸೆನ್ಸೇ. ಇನ್ನೂ ಸ್ವಲ್ಪ. ಬಿಸಿಲಿದ್ರೆ ನಿಮ್ಮ ಮಿಣುಕು ಕಾಣಲ್ಲ ಅಂತ ನೀವೇ ತಾನೇ ನನಗೆ ಹೇಳಿಕೊಟ್ಟಿದ್ದು?"

ಇನ್ಸ್‌ಪೆಕ್ಟರ್ ಉಷಿಜಿಮಾ ಹಾಗಂದಾಗ ಸಹಾಯಕ ಪ್ರೊಫೆಸರ್ ಎಜಾಕಿ ಎದ್ದು ಹೋಗಿ ಪರದೆ ಎಳೆದ. ಇಲ್ಲಿ ಮೇಷ್ಟ್ರುಗಳನ್ನೆಲ್ಲ ಸೆನ್ಸೇ ಅಂತಲೇ ಕರೆಯುವುದು. ಹೆಸರು ಬರೆದ ಅವನ ಹಸಿರು ಚಪ್ಪಲಿ ಪ್ರಯೋಗಾಲಯದ ನೆಲಕ್ಕೆ ಚಟಪಟ ಬಡಿಯಿತು. ಬಾಯಿ ಬಿಡದಿದ್ದರೂ ಆ ಸದ್ದಿನಲ್ಲೇ ಅವನ ಸಿಟ್ಟು ಕೇಳಿಸುತ್ತಿತ್ತು.

ಉಷಿಜಿಮಾ ತಾನು ತಂದಿದ್ದ ದಪ್ಪ ದಿನಚರಿಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಗೋಡೆಯ ಗಡಿಯಾರದಲ್ಲಿ ಎರಡೂ ನಲವತ್ತು. ಇನ್ನು ಒಂದು ಗಂಟೆ ಇಪ್ಪತ್ತು ನಿಮಿಷ.

ಗುರುವಾರ ಸಂಜೆ ಪ್ರೊಫೆಸರ್ ಶಿಯೋತ್ಸುಕಿ ಅಳತೆ ಮೀರಿ ಇನ್ಸುಲಿನ್ ಚುಚ್ಚಿಕೊಂಡು ಇದೇ ಮೂರನೇ ಮಹಡಿಯಲ್ಲಿ ಬಿದ್ದವರು ಇವತ್ತು ಸೋಮವಾರವಾದರೂ ಕಣ್ಣು ಬಿಟ್ಟಿರಲಿಲ್ಲ. ಅವರ ವಿದ್ಯಾರ್ಥಿನಿ ತಮಾಕಿಯನ್ನು ಶನಿವಾರ ನಾಲ್ಕು ಗಂಟೆಗೆ ಬಂಧಿಸಿದವಳು ಸ್ವತಃ ಉಷಿಜಿಮಾ. ನಲವತ್ತೆಂಟು ಗಂಟೆಯೊಳಗೆ ಆ ಹುಡುಗಿಯನ್ನು ಕಡತದ ಸಮೇತ ಸರ್ಕಾರಿ ವಕೀಲರಿಗೆ ಒಪ್ಪಿಸಬೇಕು. ಇಲ್ಲವೇ ಬಿಡಬೇಕು. ಒಪ್ಪಿಸಿದರೆ ನಾಳೆ ಬೆಳಗ್ಗೆ ಫುಕುಓಕಾದ ಎಲ್ಲ ಪತ್ರಿಕೆಗಳಲ್ಲಿ ಅವಳ ಹೆಸರು, ಫೋಟೊ. ಆಮೇಲೆ ನಿರಪರಾಧಿ ಅಂತ ಡಂಗುರ ಹೊಡೆದರೂ ಕೇಳುವವರು ಯಾರು?

ಅದಕ್ಕಿಂತ ಹೆಚ್ಚಾಗಿ ಉಷಿಜಿಮಾಳನ್ನು ಕೊರೆಯುತ್ತಿದ್ದ ವಿಷಯ ಬೇರೆ. ನಿನ್ನೆ ಭಾನುವಾರ ತಮಾಕಿಯನ್ನು ನೋಡಲು ಹುಡುಗನ ಮನೆಯವರು ಬರುವವರಿದ್ದರು. ಬಂದರು. ಹುಡುಗಿ ಲಾಕಪ್ಪಿನಲ್ಲಿದ್ದಾಳೆಂದು ತಿಳಿದು ಚಹಾ ಕೂಡ ಮುಟ್ಟದೆ ಎದ್ದುಹೋದರು.

"ಈ ದಿನಚರಿ ಯಾರದ್ದು?" ಉಷಿಜಿಮಾ ಕೇಳಿದಳು.

"ಗೊತ್ತಿದ್ದೂ ಕೇಳ್ತೀರಲ್ಲ. ಶಿಯೋತ್ಸುಕಿ ಸೆನ್ಸೇದು."

"ಈ ಎರಡು ಪಟ್ಟಿ?"

ಹಾಳೆಯ ಮೇಲೆ ಎರಡು ಬಿಳಿ ಪಟ್ಟಿಗಳನ್ನು ಪಕ್ಕಪಕ್ಕ ಅಂಟಿಸಲಾಗಿತ್ತು. ಪ್ರತಿಯೊಂದರ ಅಂಚಿನಲ್ಲೂ ಪ್ರೊಫೆಸರರ ಕೆಂಪು ಮೊಹರು, ಅರ್ಧ ಪಟ್ಟಿಯ ಮೇಲೆ, ಅರ್ಧ ಹಾಳೆಯ ಮೇಲೆ. ಆಮೇಲೆ ಯಾರಾದರೂ ಪಟ್ಟಿ ಬದಲಿಸಿದರೆ ಮೊಹರಿನ ಗೆರೆ ಕೂಡುವುದಿಲ್ಲ. ಇಲ್ಲಿ ಕೂದಲೆಳೆಯಷ್ಟೂ ತಪ್ಪದೆ ಕೂಡಿತ್ತು.

"ಎಡಗಡೆದು ಖಾಲಿ ಪಟ್ಟಿ," ಎಜಾಕಿ ಮಗ್ಗಿ ಒಪ್ಪಿಸುವವನ ಹಾಗೆ ಹೇಳಿದ. "ರಕ್ತದ ಬದಲು ಬರೀ ದ್ರವದ ಹನಿ ಹಾಕೋದು. ಪಟ್ಟಿ ನೆಟ್ಟಗಿದೆಯಾ ಅಂತ ಮೊದಲು ನೋಡ್ಕೊಳ್ಳೋಕೆ. ಬಲಗಡೆದು ಅವರ ಬೆರಳಿನ ರಕ್ತದ್ದು. ಡಬ್ಬೀಲಿ ಆವತ್ತು ಉಳಿದಿದ್ದೇ ಈ ಎರಡು."

"ಪಟ್ಟಿಗೆ ಏನು ಬಳಿದಿರ್ತೀರಿ?"

"ಎಷ್ಟು ಸಲ ಹೇಳ್ಲಿ? ಯೂರೋಪಿಯಂ ಅನ್ನೋ ಲೋಹ ಇರೋ ಬಣ್ಣ. ಅದಕ್ಕೆ ಒಂದು ಕೊಕ್ಕೆ ಜೋಡಿಸಿದೀವಿ. ಆ ಕೊಕ್ಕೆಗೆ ಸಕ್ಕರೆ ಸಿಕ್ಕಿಹಾಕಿಕೊಂಡ್ರೆ ನೇರಳೆ ದೀಪದ ಕೆಳಗೆ ಲೋಹ ಕೆಂಪಗೆ ಬೆಳಗುತ್ತೆ. ಇಲ್ಲದಿದ್ರೆ ತೆಪ್ಪಗಿರುತ್ತೆ. ರಕ್ತದ ಸಕ್ಕರೆಗಿಂತ ಹಣ್ಣಿನ ಸಕ್ಕರೆ ಸಿಕ್ಕಿದ್ರಂತೂ ವಿಪರೀತ."

ಉಷಿಜಿಮಾ ಕೈಯಲ್ಲಿದ್ದ ನೇರಳೆ ದೀಪ ಒತ್ತಿದಳು.

ಬಲಗಡೆಯ ಪಟ್ಟಿ ಬೂದಿಯೊಳಗಿನ ಕೆಂಡದ ಹಾಗೆ ಕೆಂಪಾಯಿತು. ಎಡಗಡೆಯದು ಕಪ್ಪಗೆ, ಸತ್ತ ಹಾಗೆ ಬಿದ್ದಿತ್ತು.

"ಶುಕ್ರವಾರ ನನಗೇನು ಹೇಳಿದ್ರಿ? ತಮಾಕಿ ಪಟ್ಟಿಗಳಿಗೆ ಮೊದಲೇ ಹಣ್ಣಿನ ಸಕ್ಕರೆ ಹಚ್ಚಿಟ್ಟಿದ್ಲು, ಅದಕ್ಕೇ ಸುಳ್ಳು ಲೆಕ್ಕ ತೋರಿಸ್ತು, ಪ್ರೊಫೆಸರ್ ಅದನ್ನ ನಂಬಿ ಮೂರುಪಟ್ಟು ಚುಚ್ಕೊಂಡ್ರು ಅಂತ. ಹಚ್ಚಿದ್ರೆ ಎರಡೂ ಬೆಳಗಬೇಕಿತ್ತಲ್ಲ?"

ಎಜಾಕಿ ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿದ. "ಒಂದಕ್ಕೆ ಮಾತ್ರ ಹಚ್ಚಿರಬಹುದು."

"ಅವರು ಯಾವುದನ್ನ ಖಾಲಿ ಮಾಡ್ತಾರೆ, ಯಾವುದಕ್ಕೆ ರಕ್ತ ಹಾಕ್ತಾರೆ ಅಂತ ಹಚ್ಚೋಳಿಗೆ ಕನಸು ಬಿದ್ದಿತ್ತಾ?"

"ಡಬ್ಬಿ ಮುಚ್ಚಳದ ಒಳಗೆ ಕೆಂಪಗೆ ಬೆಳಗಿದ್ದು ನೀವೇ ನೋಡಿದೀರಿ. ಇಡೀ ಪ್ರಯೋಗಾಲಯಕ್ಕೆ ಬಣ್ಣ ಸಿಂಪಡಿಸಿದಾಗ ಬೆಳಗಿದ್ದು ಆ ಮುಚ್ಚಳ ಮತ್ತು ತಮಾಕಿಯ ಕೈಗವಸು, ಎರಡೇ. ಅವಳ ಪ್ರಬಂಧವನ್ನ ಸೆನ್ಸೇ ಮೂರು ಸಲ ತಿರಸ್ಕರಿಸಿದ್ರು. ಮೂರನೇ ಸಲ ಎಲ್ಲರೆದುರಿಗೆ. ಬಂಧಿಸಿದ್ದು ನಾನಲ್ಲ, ನೀವು."

ಮಾತು ಸರಿಯಾಗಿ ನಾಟಿತು. ಬಂಧಿಸಿದ್ದು ಅವಳೇ. ಕಳ್ಳಿ ಸಿಕ್ಕಳೆಂಬ ಗತ್ತಿನಲ್ಲಿ ಅದೇ ಶನಿವಾರ ಆಸ್ಪತ್ರೆಯಲ್ಲಿ ಪ್ರೊಫೆಸರರ ಕೋಣೆ ಬಾಗಿಲಲ್ಲಿ ನಿಲ್ಲಿಸಿದ್ದ ಕಾವಲಿನವನನ್ನೂ ವಾಪಸು ಕರೆಸಿದ್ದಳು.

ಆ ಹೊತ್ತಿಗೆ ಬಾಗಿಲು ಸರಿಸಿಕೊಂಡು ಪ್ರೊಫೆಸರರ ಕಾರ್ಯದರ್ಶಿ ಯಾಸುತಾಕೆ ಒಳಗೆ ಬಂದಳು. ಐವತ್ತೆಂಟರ ಹೆಂಗಸು, ಇಪ್ಪತ್ತು ವರ್ಷದಿಂದ ಇಲ್ಲೇ. ತಟ್ಟೆಯಲ್ಲಿ ಮೂರು ಬಟ್ಟಲು ಹಸಿರು ಚಹಾ.

"ಕತ್ತಲಲ್ಲಿ ಕೂತು ಜಗಳ ಆಡ್ತಿದೀರಾ? ಚಹಾ ಕುಡಿದಾದ್ರೂ ಆಡಿ. ಇನ್ಸ್‌ಪೆಕ್ಟರಮ್ಮ, ಬೆಳಗ್ಗಿಂದ ಏನೂ ತಿಂದಿಲ್ಲ ಅನ್ಸುತ್ತೆ ನೀವು. ಮುಖ ನೋಡಿದ್ರೆ ಗೊತ್ತಾಗುತ್ತೆ."

ಉಷಿಜಿಮಾ ಪರದೆ ಸ್ವಲ್ಪ ಸರಿಸಿದಳು. ಬಿಸಿಲು ಬಟ್ಟಲು ಹಿಡಿದ ಕೈಯ ಮೇಲೆ ಬಿತ್ತು. ಯಾಸುತಾಕೆಯ ಹೆಬ್ಬೆರಳು, ತೋರುಬೆರಳು, ಉಗುರಿನ ಸಂದು, ಎಲ್ಲ ಕಂದುಗಪ್ಪು. ಬಾಳೆಕಾಯಿ ಹೆಚ್ಚಿದ ಕೈಗೆ ಹತ್ತುವ ಕರೆಯ ಹಾಗೆ.

ಆ ಕರೆ ಉಷಿಜಿಮಾಗೆ ಚೆನ್ನಾಗಿ ಗೊತ್ತು. ಅವಳು ಹುಟ್ಟಿದ್ದು ಅಸಾಕುರಾದ ಗುಡ್ಡದಲ್ಲಿ, ಕಾಕಿ, ಅಂದರೆ ಪರ್ಸಿಮನ್ ಹಣ್ಣಿನ ತೋಟದ ನಡುವೆ. ಕಾರ್ತೀಕದ ಚಳಿ ಶುರುವಾಯಿತೆಂದರೆ ಮನೆಯವರೆಲ್ಲ ಕೂತು ಒಗರು ಕಾಕಿ ಸುಲಿಯುವುದು, ದಾರಕ್ಕೆ ಪೋಣಿಸಿ ಸೂರಿಗೆ ಕಟ್ಟುವುದು. ತಿಂಗಳಲ್ಲಿ ಒಗರು ಹೋಗಿ ಬೆಲ್ಲವಾಗುತ್ತದೆ. ಶಾಲೆಯಲ್ಲಿ ಪಟ್ಟಣದ ಹುಡುಗಿಯರು ಅವಳ ಬೆರಳು ನೋಡಿ ಮೂಗು ಮುರಿಯುತ್ತಿದ್ದರು.

"ಕಾಕಿ ಸುಲಿದ್ರಾ ಯಾಸುತಾಕೆ ಸಾನ್?"

"ಅಯ್ಯೋ, ಗೊತ್ತಾಗೋಯ್ತಾ! ನಿಂಬೆಹುಳಿ ಹಾಕಿ ಉಜ್ಜಿದೆ, ಹೋಗ್ಲೇ ಇಲ್ಲ." ಅವಳು ಪರದೆಯನ್ನು ಪೂರ್ತಿ ಸರಿಸಿದಳು. ಹೊರಗೆ ಬಾಲ್ಕನಿಯ ಕಂಬಿಗೆ ಆರು ದಾರ. ಒಂದೊಂದರಲ್ಲಿ ಹತ್ತು ಹನ್ನೆರಡು ಕಿತ್ತಳೆ ಬಣ್ಣದ ಹಣ್ಣು, ಸಿಪ್ಪೆ ಸುಲಿದವು, ಬಿಸಿಲಿಗೆ ಬಾಡುತ್ತಿದ್ದವು. "ಪ್ರತಿ ವರ್ಷ ಸೆನ್ಸೇ ಊರಿಂದ ಒಂದು ಪೆಟ್ಟಿಗೆ ತರಿಸ್ತಾರೆ. ಅವರು ಒಂದನ್ನೂ ತಿನ್ನಲ್ಲ ಪಾಪ, ಸಕ್ಕರೆ ಕಾಯಿಲೆ. ಆದ್ರೆ ಸುಲಿಯೋದು ಮಾತ್ರ ಅವರೇ ಜಾಸ್ತಿ. ಸುಲಿದು ಕೊಟ್ರೆ ತಿಂದಷ್ಟೇ ಖುಷಿ ಅಂತಾರೆ."

ಉಷಿಜಿಮಾ ಬಟ್ಟಲನ್ನು ಕೆಳಗಿಟ್ಟಳು.

"ಈ ವರ್ಷ ಸುಲಿದಿದ್ದು ಯಾವತ್ತು?"

"ಗುರುವಾರ. ಮೂರು ಗಂಟೆಗೆ ಕೂತ್ವಿ, ನಾಲ್ಕಕ್ಕೆ ಮುಗೀತು. ಸೆನ್ಸೇ, ನಾನು, ತಮಾಕಿ. ಆಮೇಲೆ ಐದರವರೆಗೆ ಸೆನ್ಸೇ ಒಬ್ರೇ ಕೂತು ದಾರಕ್ಕೆ ಪೋಣಿಸಿದ್ರು."

"ತಮಾಕಿ ಬರಿಗೈಲಿ ಸುಲಿದ್ಲಾ?"

"ಅವಳು? ಭಾನುವಾರ ಹುಡುಗನ ಕಡೆಯವರು ಬರೋರು, ಕಪ್ಪು ಉಗುರು ತೋರಿಸೋಕಾಗುತ್ತಾ? ಕೈಗವಸು ಹಾಕ್ಕೊಂಡೇ ಕೂತ್ಲು. ಮದುವಣಗಿತ್ತಿ ಬಂದ್ಲು ದಾರಿ ಬಿಡಿ ಅಂತ ಸೆನ್ಸೇ ರೇಗಿಸಿದ್ದೇ ರೇಗಿಸಿದ್ದು. ಕೆಲಸ ಮುಗಿದಿದ್ದೇ ಗವಸು ಡ್ರಾಯರಿಗೆ ಎಸೆದು ನಾಲ್ಕರ ಬಸ್ಸಿಗೆ ಓಡಿದ್ಲು."

ಉಷಿಜಿಮಾಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ನಾಲ್ಕು ದಿನದಿಂದ ಕಣ್ಣೆದುರಿಗೇ ನೇತಾಡುತ್ತಿದ್ದ ಹಣ್ಣು!

"ಸೆನ್ಸೇ," ಅವಳು ಎಜಾಕಿಯ ಕಡೆ ತಿರುಗಿದಳು. "ಕಾಕಿ ಹಣ್ಣಲ್ಲಿ ಯಾವ ಸಕ್ಕರೆ ಇರುತ್ತೆ?"

"ಎರಡೂ ಇರುತ್ತೆ. ರಕ್ತದಲ್ಲಿರೋದೂ, ಹಣ್ಣಿನ ಸಕ್ಕರೇನೂ."

"ಇದನ್ನ ಶುಕ್ರವಾರ ಹೇಳೋಕೆ ಏನಾಗಿತ್ತು ನಿಮಗೆ?"

"ನಾನು ಗುರುವಾರ ಇಲ್ಲಿರ್ಲೇ ಇಲ್ಲ! ಕುಮಾಮೊತೊದಲ್ಲಿ ಸಮ್ಮೇಳನ. ಬಾಗಿಲ ಹತ್ರ ಹಾಜರಿ ಹಲಗೇಲಿ ಆವತ್ತು ನನ್ನ ಹೆಸರು ಪ್ರವಾಸದ ಕಡೆ ಇತ್ತು. ಯಾರು ಏನು ಸುಲಿದ್ರು ಅಂತ ನನಗೆ ಹ್ಯಾಗೆ ಗೊತ್ತಾಗ್ಬೇಕು?" ಅವನ ದನಿ ಏರಿತು. "ಅದು ಬಿಡಿ. ತಮಾಕಿ ಈ ಬಣ್ಣದ ಜತೆ ಐದು ವರ್ಷ ಕಳೆದಿದಾಳೆ. ಯಾವ ಹಣ್ಣು ಎಷ್ಟು ಬೆಳಗುತ್ತೆ ಅಂತ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಎರಡು ದಿನ ನಿಮ್ಮೆದುರು ಕೂತಿದಾಳಲ್ಲ, ಕಾಕಿ ಅಂತ ಒಂದು ಮಾತು ಹೇಳಿದ್ಲಾ?"

ಹೇಳಿರಲಿಲ್ಲ. ಎರಡು ದಿನವೂ ತಮಾಕಿ ಮಂಡಿಯ ಮೇಲೆ ಕೈಯಿಟ್ಟು ಗೋಡೆ ನೋಡುತ್ತಾ ಕೂತಿದ್ದಳು. "ಗವಸು ನನ್ನದೇ" ಅಂದಿದ್ದು ಬಿಟ್ಟರೆ ತುಟಿ ಎರಡು ಮಾಡಿರಲಿಲ್ಲ.

"ಹೆದರಿದ ಹುಡುಗಿ ಬಾಯಿ ಕಟ್ಟಿಹೋಗಿರುತ್ತೆ," ಉಷಿಜಿಮಾ ಅಂದಳು. ಹೇಳುವಾಗ ತನ್ನ ಮಾತು ತನಗೇ ಅಷ್ಟು ಗಟ್ಟಿಯಾಗಿ ಕೇಳಿಸಲಿಲ್ಲ. "ಅದಿರಲಿ. ನಿಮ್ಮ ಕೈ ತೋರಿಸಿ."

"ಏನು?"

"ಕೈ ಸೆನ್ಸೇ, ಕೈ. ಬಲಗೈ."

ಎಜಾಕಿ ಕೈ ಚಾಚಿದ. ಹೆಬ್ಬೆರಳಿನ ಒಳಮಗ್ಗುಲಿಗೆ, ಚಾಕುವಿನ ಅಲಗು ಬಂದು ನಿಲ್ಲುವ ಕಡೆ, ಕಂದು ಕರೆ. ತಿಳಿಯಾಗಿತ್ತು. ಆದರೆ ಇತ್ತು.

"ಕುಮಾಮೊತೊ ಸಮ್ಮೇಳನದಲ್ಲಿ ಹಣ್ಣೂ ಸುಲಿಸ್ತಾರಾ?"

"ಅಮ್ಮನ ಮನೇಲಿ. ಶನಿವಾರ. ಅಮ್ಮನ್ನೇ ಕೇಳಿ ಬೇಕಾದ್ರೆ."

"ಕೇಳ್ತೀನಿ, ಬಿಡಲ್ಲ. ಗುರುಗಳು ಆಸ್ಪತ್ರೇಲಿ, ಅವರ ಶಿಷ್ಯೆ ಲಾಕಪ್ಪಲ್ಲಿ, ನೀವು ಅಮ್ಮನ ಜಗಲೀಲಿ ಕೂತು ಕಾಕಿ ಸುಲೀತಿದ್ರಿ. ಗಟ್ಟಿ ಮನಸ್ಸು ನಿಮ್ಮದು."

ಎಜಾಕಿಯ ಕಿವಿ ಕೆಂಪಾಯಿತು. ಶಿಯೋತ್ಸುಕಿಯವರು ಏಳದಿದ್ದರೆ ಈ ಪ್ರಯೋಗಾಲಯ, ಈ ಬಣ್ಣ, ಈ ಹೆಸರು ಎಲ್ಲ ಬಂದು ಸೇರುವುದು ಇವನಿಗೇ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮೂರು ಗಂಟೆ ಹತ್ತು ನಿಮಿಷ.

"ಪೆಟ್ಟಿಗೇಲಿ ಹಣ್ಣು ಉಳಿದಿದೆಯಾ?" ಉಷಿಜಿಮಾ ಕೋಟು ಕಳಚಿ ತೋಳು ಮಡಚಿದಳು.

ನಾಲ್ಕು ಉಳಿದಿದ್ದವು. ಅವಳು ಬಾಲ್ಕನಿಯಲ್ಲಿ ಕುಕ್ಕರಗಾಲಲ್ಲಿ ಕೂತು ಚಾಕು ಹಿಡಿದಳು. ಕೈಗೆ ಅಭ್ಯಾಸ ಮರೆತಿರಲಿಲ್ಲ. ಸಿಪ್ಪೆ ಒಂದೇ ಎಳೆಯಾಗಿ ಕೆಳಗಿಳಿಯಿತು, ರಸ ಬೆರಳ ಸಂದಿಯಿಂದ ಮಣಿಕಟ್ಟಿಗೆ ಹರಿಯಿತು.

"ಪ್ರೊಫೆಸರ್ ಪರೀಕ್ಷೆಗೆ ಮುಂಚೆ ಏನು ಮಾಡ್ತಿದ್ರು?"

"ನಲ್ಲೀಲಿ ಕೈ ತೊಳೆಯೋದು," ಯಾಸುತಾಕೆ ಹೇಳಿದಳು. "ಆಮೇಲೆ ಆಲ್ಕೋಹಾಲ್ ಹತ್ತೀಲಿ ಬೆರಳು ಒರೆಸಿ ಚುಚ್ಚೋದು. ದಿನಾ ಹಾಗೇ."

"ತೊಳೆಯದೆ ಬರೀ ಒರೆಸಿದ್ರೆ?"

ಉತ್ತರವನ್ನು ಕಾಯದೆ ಅವಳು ಆಲ್ಕೋಹಾಲ್ ಹತ್ತಿ ತೆಗೆದು ತೋರುಬೆರಳನ್ನು ಒರೆಸಿದಳು. ಒಂದಲ್ಲ, ಎರಡು ಸಲ. ಬೆರಳು ಒಣಗಿ ಕನ್ನಡಿಯ ಹಾಗಾಯಿತು. "ಫ್ರಿಜ್ಜಿಂದ ಹೊಸ ಪಟ್ಟಿ ತೆಗೀರಿ ಯಾಸುತಾಕೆ ಸಾನ್. ನೀವು ಬೇಡ ಸೆನ್ಸೇ, ನೀವು ಅಲ್ಲೇ ಕೂತಿರಿ."

ಚುಚ್ಚಿದಳು. ರಕ್ತದ ಒಂದು ಹನಿ ಪಟ್ಟಿಗೆ ತಾಗಿತು. ಪರದೆ ಮತ್ತೆ ಮುಚ್ಚಿತು, ನೇರಳೆ ದೀಪ ಹತ್ತಿತು.

ಪಟ್ಟಿ ಭಗ್ಗನೆ ಕೆಂಪಾಯಿತು. ಅಳತೆಯ ಯಂತ್ರ ಮುನ್ನೂರ ಅರವತ್ತು ಅಂದಿತು.

"ಅಮ್ಮಾ!" ಯಾಸುತಾಕೆ ಬಾಯಿಗೆ ಕೈ ಅಡ್ಡ ಹಿಡಿದಳು. "ನಿಮಗೂ ಸಕ್ಕರೆ ಕಾಯಿಲೆಯಾ?"

"ತಾಳಿ."

ಉಷಿಜಿಮಾ ನಲ್ಲಿ ತಿರುಗಿಸಿ ಅದೇ ಕೈಯನ್ನು ಸೋಪು ಹಾಕಿ ತೊಳೆದು, ಒರೆಸಿ, ಪಕ್ಕದ ಬೆರಳು ಚುಚ್ಚಿದಳು. ಈ ಸಲ ಪಟ್ಟಿ ನಸುಗೆಂಪಿಗೆ ಬಂದು ಅಲ್ಲೇ ನಿಂತಿತು. ಯಂತ್ರದಲ್ಲಿ ತೊಂಬತ್ತೆಂಟು.

"ಒಂದೇ ಕೈ, ಒಂದೇ ರಕ್ತ," ಅವಳು ಅಂದಳು. "ಸಕ್ಕರೆ ನೀರಲ್ಲಿ ಕರಗುತ್ತೆ, ಆಲ್ಕೋಹಾಲಲ್ಲಿ ಕರಗಲ್ಲ. ಒರೆಸಿದ್ರೆ ಕ್ರಿಮಿ ಸಾಯುತ್ತೆ, ಸಕ್ಕರೆ ಅಲ್ಲೇ ಕೂತಿರುತ್ತೆ. ಪಟ್ಟಿಗೆ ಯಾರೂ ಏನೂ ಹಚ್ಚಿಲ್ಲ ಸೆನ್ಸೇ. ಪ್ರೊಫೆಸರ್ ಬೆರಳಲ್ಲೇ ಇತ್ತು. ಡಬ್ಬಿ ಮುಚ್ಚಳ ತೆಗೆದಿದ್ದೂ ಅದೇ ಬೆರಳು. ಕೈಗವಸಲ್ಲಿದ್ದಿದ್ದು ಕಾಕಿ ರಸ."

ಎಜಾಕಿ ಎರಡು ಪಟ್ಟಿಗಳನ್ನೂ ದಿಟ್ಟಿಸುತ್ತಾ ಕೂತ. ಜೀವಮಾನವೆಲ್ಲ ದಿನಕ್ಕೆ ನೂರು ಸಲ ಆಲ್ಕೋಹಾಲಿನಿಂದ ಕೈ, ಮೇಜು, ಗಾಜು ಒರೆಸಿಕೊಂಡು ಬಂದವರು ಇವರು. ಒರೆಸಿದ್ದೆಲ್ಲ ಶುದ್ಧ ಅನ್ನುವ ನಂಬಿಕೆ ಇವರ ರಕ್ತದಲ್ಲೇ ಇತ್ತು. ಸಕ್ಕರೆ ಹಿಡಿಯುವುದರಲ್ಲಿ ಜಗತ್ತಿಗೇ ಗುರುವಾದ ಮನುಷ್ಯ ತನ್ನ ಬೆರಳ ತುದಿಯ ಸಕ್ಕರೆಯನ್ನು ಕಾಣದೆ ಹೋದ.

"ಅಂದ್ರೆ ಆಕಸ್ಮಿಕ ಅಂತೀರಾ?" ಎಜಾಕಿ ಮೆಲ್ಲಗೆ ಕೇಳಿದ. ದನಿಯಲ್ಲಿ ಸಮಾಧಾನವಿತ್ತೋ, ಇನ್ನೇನಿತ್ತೋ, ಉಷಿಜಿಮಾಗೆ ತಿಳಿಯಲಿಲ್ಲ.

"ತಮಾಕಿ ಮೇಲೆ ಸಾಕ್ಷಿ ಇಲ್ಲ ಅಂತೀನಿ. ಈಗ ಅಷ್ಟು ಸಾಕು."

ಮೂರೂ ಇಪ್ಪತ್ತೈದಕ್ಕೆ ಠಾಣೆಗೆ ಫೋನ್ ಮಾಡಿದಳು. ಅವಳ ಮೇಲಧಿಕಾರಿ ತೊಕುನಾಗಾ ಎಲ್ಲ ಕೇಳಿಸಿಕೊಂಡು ಸಿಡುಕಿದ.

"ಶನಿವಾರ ಹಿಡೀಬೇಕು ಅಂದೆ, ಹಿಡಿದ್ವಿ. ಸೋಮವಾರ ಬಿಡಬೇಕು ಅಂತೀಯ. ಏನಮ್ಮಾ ಇದು, ಮಕ್ಕಳಾಟವಾ?"

"ಶನಿವಾರ ತಪ್ಪು ಮಾಡಿದೆ ಸರ್. ನನ್ನ ಹೆಸರಲ್ಲೇ ಬರೀರಿ. ನಾಲ್ಕು ಗಂಟೆ ಆಗೋದ್ರೊಳಗೆ ಬಿಟ್ಬಿಡಿ."

"ಬಿಟ್ಮೇಲೆ ಮತ್ತೆ ಹಿಡಿ ಅಂದ್ರೆ ನಾನು ಹಿಡಿಯಲ್ಲ. ನಿನ್ನ ನೌಕರಿ ಮೇಲೆ ಆಣೆ ಇಡ್ತೀಯಾ?"

"ಇಡ್ತೀನಿ."

ಫೋನ್ ಇಟ್ಟಾಗ ಅವಳ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು. ಯಾಸುತಾಕೆ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಒಳ್ಳೇದಾಯ್ತು ಇನ್ಸ್‌ಪೆಕ್ಟರಮ್ಮ. ಆ ಮಗು ಇರುವೇನೂ ತುಳಿಯೋಳಲ್ಲ. ಎಲ್ಲ ಆ ಹಾಳು ನೀರಿಂದ ಆಗಿದ್ದು, ಇನ್ನೇನು."

"ಯಾವ ನೀರು?"

"ಅದೇ, ಗುರುವಾರ ಸಂಜೆ ನೀರು ನಿಂತಿತ್ತಲ್ಲ. ಇಲ್ಲದಿದ್ರೆ ಸೆನ್ಸೇ ಕೈ ತೊಳೆಯದೆ ಇರ್ತಿದ್ರಾ?"

ಉಷಿಜಿಮಾ ಖಾಲಿ ಬಟ್ಟಲನ್ನು ಕೈಯಲ್ಲಿ ಹಿಡಿದೇ ನಿಂತಳು. ಹುಡುಗಿಯನ್ನು ಬಿಡಿಸುವ ಆತುರದಲ್ಲಿ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವಳು ಕೇಳಿರಲೇ ಇಲ್ಲ. ದಿನಾ ಕೈ ತೊಳೆಯುವ ಮನುಷ್ಯ ಆವತ್ತೊಂದು ದಿನ ಯಾಕೆ ತೊಳೆಯಲಿಲ್ಲ?

"ನೀರು ನಿಂತಿದ್ದು ನೀವು ನೋಡಿದ್ರಾ? ನಲ್ಲಿ ತಿರುಗಿಸಿ ನೋಡಿದ್ರಾ?"

"ಇಲ್ಲಪ್ಪ. ನಲ್ಲಿ ಮೇಲೆ ಚೀಟಿ ಅಂಟಿಸಿತ್ತು. ನಾಲ್ಕೂವರೆಗೆ ಬಟ್ಟಲು ತೊಳೆದಾಗ ಇರ್ಲಿಲ್ಲ. ಐದಕ್ಕೆ ಹೋದಾಗ ಇತ್ತು. ಆರೂವರೆವರೆಗೆ ಇಡೀ ಕಟ್ಟಡಕ್ಕೆ ನೀರಿಲ್ಲ ಅಂತ. ಚೀಟಿ ಇದ್ಮೇಲೆ ಯಾರು ತಿರುಗಿಸ್ತಾರೆ?"

ಯಾರೂ ತಿರುಗಿಸುವುದಿಲ್ಲ. ಈ ಊರಿನಲ್ಲಿ ಅಂಟಿಸಿದ ಕಾಗದ ಮುಟ್ಟಬೇಡ ಅಂದರೆ ಮುಟ್ಟುವುದಿಲ್ಲ, ನಿಲ್ಲು ಅಂದರೆ ನಿಲ್ಲುತ್ತಾರೆ.

ಯಾಸುತಾಕೆ ಕಟ್ಟಡದ ಕಚೇರಿಗೆ ಫೋನ್ ಮಾಡಿದಳು. "ಹೌದಾ… ಹೌದಾ… ಕ್ಷಮಿಸಿ, ತೊಂದರೆ ಕೊಟ್ಟೆ," ಎಂದು ಗೋಡೆಗೇ ತಲೆಬಾಗಿ ಫೋನ್ ಇಟ್ಟಳು. ಮುಖ ಬಿಳಿಚಿಕೊಂಡಿತ್ತು. "ಗುರುವಾರ ನೀರು ನಿಲ್ಲಿಸೇ ಇಲ್ವಂತೆ. ಈ ತಿಂಗಳಲ್ಲೇ ನಿಲ್ಲಿಸಿಲ್ವಂತೆ."

"ಆ ಚೀಟಿ ಎಲ್ಲಿ? ಬಿಸಾಕಿದ್ರಾ?"

"ಬಿಸಾಕೋದಾ! ಹಿಂದ್ಗಡೆ ಖಾಲಿ ಇತ್ತಲ್ಲ."

ಅವಳು ತನ್ನ ಮೇಜಿನ ಕೆಳಗಿನ ತಟ್ಟೆ ಎಳೆದಳು. ಒಂದು ಬದಿ ಬಳಸಿ ಮುಗಿದ ಕಾಗದಗಳನ್ನೆಲ್ಲ ಇನ್ನೊಂದು ಬದಿಗೆ ಬರೆಯಲೆಂದು ಇಪ್ಪತ್ತು ವರ್ಷದಿಂದ ಅವಳು ಕೂಡಿಡುವ ತಟ್ಟೆ ಅದು. ಉಷಿಜಿಮಾ ಚಿಮಟ ಹಿಡಿದು ಒಂದೊಂದೇ ಹಾಳೆ ಎತ್ತಿದಳು. ಒಂಬತ್ತನೆಯದು ಚೀಟಿ. ಯಂತ್ರದಲ್ಲಿ ಅಚ್ಚುಮಾಡಿದ ಅಕ್ಷರ, ಕೆಳಗೆ ಕಚೇರಿಯ ಹೆಸರು. ಮೊಹರು ಇಲ್ಲ.

"ಮೊಹರಿಲ್ವಲ್ಲ ಅಂತ ಆವತ್ತೇ ಅಂದ್ಕೊಂಡೆ," ಯಾಸುತಾಕೆ ಪಿಸುಗುಟ್ಟಿದಳು. "ಮರೆತುಬಿಟ್ಟಿರ್ತಾರೆ ಅಂತ ಸುಮ್ಮನಾದೆ."

"ಸೆನ್ಸೇ, ಬಣ್ಣ ಸಿಂಪಡಿಸಿ."

ಎಜಾಕಿ ಸೀಸೆ ತಂದ. ಉಷಿಜಿಮಾ ಅವನ ಕಂದು ಹೆಬ್ಬೆರಳನ್ನೇ ಗಮನಿಸಿದಳು. ಶನಿವಾರದ ಕರೆಯೋ, ಗುರುವಾರದ್ದೋ? ಫುಕುಓಕಾದಿಂದ ಕುಮಾಮೊತೊಗೆ ಬುಲೆಟ್ ರೈಲಿನಲ್ಲಿ ಎಷ್ಟು ಹೊತ್ತಿನ ದಾರಿ? ನಲವತ್ತು ನಿಮಿಷವೂ ಇಲ್ಲ. ಹಲಗೆಯ ಮೇಲೆ ಹೆಸರು ಪ್ರವಾಸದ ಕಡೆ ಇದ್ದರೆ ಮನುಷ್ಯನೂ ಅಲ್ಲೇ ಇರಬೇಕೆಂದೇನಿದೆ? ಚೀಟಿಯ ಮೇಲೆ ಅವನ ಬೆರಳಿನ ಗುರುತು ಬಂದರೆ ಇಲ್ಲೇ, ಈ ಕ್ಷಣವೇ ಮುಗಿಯಿತು. ಬರಲಿ ಅಂತ ಅವಳು ಒಳಗೊಳಗೇ ಬೇಡಿಕೊಂಡಳು.

ಮೊದಲು ಹೋಲಿಕೆಗೆ ಅಂತ ಮತ್ತೊಂದು ಕಾಕಿಯನ್ನು ಒತ್ತಿ, ಅದೇ ಬೆರಳನ್ನು ಬೇರೊಂದು ಹಾಳೆಗೆ ಊರಿದಳು. ಎಜಾಕಿ ಎರಡಕ್ಕೂ ಸಿಂಪಡಿಸಿದ. ಯಾಸುತಾಕೆ ಪರದೆ ಎಳೆದಳು.

ದೀಪ.

ಹೋಲಿಕೆಯ ಹಾಳೆಯಲ್ಲಿ ಉಷಿಜಿಮಾಳ ಬೆರಳು ಕೆಂಪಗೆ ಎದ್ದಿತು. ಬೆರಳಿನ ಸುರುಳಿ ಗೆರೆಗಳು ಒಂದೊಂದೂ ಎಣಿಸುವ ಹಾಗಿದ್ದವು.

ಚೀಟಿಯಲ್ಲೂ ಎದ್ದಿತು. ಮೇಲಿನ ಎರಡು ಮೂಲೆಯಲ್ಲಿ, ಟೇಪು ಒತ್ತಿದ ಕಡೆ, ಎರಡು ಹೆಬ್ಬೆರಳು. ನಡುವೆ ಕಾಗದ ನೀವಿದ ನಾಲ್ಕು ಬೆರಳು. ಒಂದರಲ್ಲೂ ಗೆರೆಯಿಲ್ಲ. ನುಣ್ಣನೆಯ ಕೆಂಪು, ಅಲ್ಲಲ್ಲಿ ರಬ್ಬರು ಸುಕ್ಕಿದ ಮಡಿಕೆ.

ಉಷಿಜಿಮಾ ದೀಪವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಮಡಿಕೆ ಮಡಿಕೆಯೇ.

"ಗವಸು," ಎಜಾಕಿ ಅಂದ. ಸೀಸೆಯನ್ನು ಮೇಜಿನ ಮೇಲಿಟ್ಟ. "ಕಾಕಿ ರಸ ಮೆತ್ತಿದ ಗವಸು. ಇನ್ಸ್‌ಪೆಕ್ಟರೇ, ಗುರುವಾರ ಗವಸು ಹಾಕಿ ಸುಲಿದಿದ್ದು ಒಬ್ಬಳೇ ಅಂತ ಈಗ ತಾನೇ ಯಾಸುತಾಕೆ ಸಾನ್ ಲೆಕ್ಕ ಒಪ್ಪಿಸಿದ್ರು."

"ಡ್ರಾಯರಿಗೆ ಬೀಗ ಇಲ್ಲ. ಯಾರು ಬೇಕಾದ್ರೂ ತೆಗೆದು ಹಾಕ್ಕೋಬಹುದು," ಉಷಿಜಿಮಾ ಗಡುಸಾಗಿ ಅಂದಳು. "ನೀವು ಕೂಡ."

"ಅವಳು ನಾಲ್ಕಕ್ಕೇ ಹೋದ್ಲು!" ಯಾಸುತಾಕೆ ಕೂಗಿದಳು. "ಚೀಟಿ ಬಂದಿದ್ದು ಆಮೇಲೆ. ಚೀಟಿ ಇತ್ತು ಅಂತಾನೂ ಅವಳಿಗೆ ಗೊತ್ತಿಲ್ಲ!"

ಸರಿಯಾದ ಮಾತು. ಉಷಿಜಿಮಾ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆದರೂ ಬೆರಳು ತಾನಾಗಿ ಠಾಣೆಯ ನಂಬರು ಒತ್ತುತ್ತಿತ್ತು. ಮೂರೂ ಐವತ್ತೆರಡು.

"ಸರ್, ತಮಾಕಿ ಇದ್ದಾಳಾ? ಒಂದೈದು ನಿಮಿಷ ಕೂರಿಸ್ಕೊಳ್ಳಿ, ಒಂದು ಪ್ರಶ್ನೆ—"

"ಎಲ್ಲಿ ಕೂರಿಸ್ಲಿ? ನೀನು ಅವಸರ ಮಾಡಿದೆ, ಸಹಿ ಹಾಕಿಸಿ ಕಳಿಸಿದೆ. ಹನ್ನೆರಡು ನಿಮಿಷ ಆಯ್ತು." ತೊಕುನಾಗಾ ಅಂದ. "ಹೊರಡೋ ಮುಂಚೆ ಒಂದು ಮಾತು ಕೇಳಿದ್ಲಪ್ಪ. ಎರಡು ದಿನಕ್ಕೆ ಅವಳಾಗಿ ಬಾಯಿ ಬಿಟ್ಟಿದ್ದು ಅದೊಂದೇ. ಮೂರನೇ ಮಹಡಿ ನಲ್ಲಿ ಮೇಲಿದ್ದ ಚೀಟಿ ಪೊಲೀಸರಿಗೆ ಸಿಕ್ತಾ ಅಂತ. ಯಾವ ಚೀಟಿ ಉಷಿಜಿಮಾ? ನಮ್ಮ ಕಡತದಲ್ಲಿ ಚೀಟಿ ಅಂತ ಒಂದಕ್ಷರ ಇಲ್ವಲ್ಲ?"

ಉಷಿಜಿಮಾ ಕಳಚಿಟ್ಟಿದ್ದ ಕೋಟನ್ನು ಎಳೆದುಕೊಂಡಳು.

"ಸರ್, ಮನೆಗೆ ಹೋದ್ಲಾ?"

"ಇಲ್ಲ, ಟ್ಯಾಕ್ಸಿ ತರಿಸ್ಕೊಂಡು ಆಸ್ಪತ್ರೆಗೆ ಹೋದ್ಲು. ಪ್ರೊಫೆಸರಿಗೆ ಎಚ್ಚರ ಆಗ್ತಿದೆ ಅಂತ ಡಾಕ್ಟರ್ ಅವಳು ಹೊರಡೋ ಹೊತ್ತಿಗೇ ಫೋನ್ ಮಾಡಿದ್ರು, ಆ ಸುದ್ದಿ ನಾನೇ ಅವಳಿಗೆ ಹೇಳ್ದೆ. ಪಾಪ, ಖುಷಿ ಪಡ್ಲಿ ಅಂತ."